ಉಸಿರು ವಾಪಸ್ಸು ಕೇಳಿದ ಊರು

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಸಂಪಿಗೆದುರ್ಗ ಅಂತ ಒಂದು ರಾಜ್ಯ ಇತ್ತು. ಅದಕ್ಕೊಬ್ಬ ರಾಜ. ಅವನ ಅಪ್ಪನೂ ರಾಜ, ಅಜ್ಜನೂ ರಾಜ. ಆದರೆ ಅಲ್ಲಿನ ಕೊತ್ವಾಲನ ವಿಷಯ ಹಾಗಲ್ಲ. ಬೀದಿ ಕಾಯುವ, ಕಳ್ಳರನ್ನು ಹಿಡಿಯುವ ಕೊತ್ವಾಲನನ್ನು ಊರ ಜನರೇ ಆರಿಸುತ್ತಿದ್ದರು. ಈ ಪದ್ಧತಿ ಹಾಕಿಕೊಟ್ಟವಳು ಹಿಂದಿನ ಒಬ್ಬ ರಾಣಿ. "ರಾಜ ಇರೋದು ಅರಮನೇಲಿ. ಕೊತ್ವಾಲ ಇರೋದು ನಿಮ್ಮ ಬಾಗಿಲಲ್ಲಿ. ಬಾಗಿಲಲ್ಲಿ ನಿಲ್ಲೋನನ್ನ ಮನೆಯವರೇ ಆರಿಸ್ಕೊಳ್ಳಿ" ಅಂದಿದ್ದಳಂತೆ.

ಆರಿಸುವ ದಿನ ಚೌಕದ ನಡುವೆ ಒಂದು ಹಿತ್ತಾಳೆಯ ಕೊಂಬು ಇಡುತ್ತಿದ್ದರು. ಒಬ್ಬೊಬ್ಬರೇ ಬಂದು, ತಮಗೆ ಬೇಕಾದವನ ಹೆಸರು ಹೇಳಿ, ಕೊಂಬಿನೊಳಗೆ ಒಂದು ಉಸಿರು ಊದುವುದು. ಯಾರ ಹೆಸರಿಗೆ ಹೆಚ್ಚು ಉಸಿರು ಬಿತ್ತೋ ಅವನ ಕಡೆಗೆ ಕೊಂಬು ತಾನಾಗಿ ತಿರುಗುತ್ತಿತ್ತು. ಅವನೇ ಕೊತ್ವಾಲ. ಅವನು ಆ ಕೊಂಬನ್ನು ಊದಿದರೆ ಓಡುವ ಕಳ್ಳನ ಕಾಲು ನಿಂತಲ್ಲೇ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಊರಿಗೆ ಊರೇ ಉಸಿರು ತುಂಬಿದ ಮೇಲೆ ಅಷ್ಟಾದರೂ ಬಲ ಬೇಡವೇ?

ಜನ ಉಸಿರು ಕೊಟ್ಟು ಸುಮ್ಮನೆ ಮನೆಗೆ ಹೋಗುವ ಹಾಗೂ ಇರಲಿಲ್ಲ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಕೊತ್ವಾಲ ಚೌಕದಲ್ಲಿದ್ದ ಕೇಳುಗಲ್ಲಿನ ಮೇಲೆ ಕೂರಬೇಕು. ಯಾರು ಏನು ಕೇಳಿದರೂ ಉತ್ತರ ಹೇಳಬೇಕು. ಹೇಳದೆ ಆ ಕಲ್ಲಿನಿಂದ ಏಳಲಿಕ್ಕೆ ಆಗುತ್ತಿರಲಿಲ್ಲ, ಕಲ್ಲು ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದ ಊರು ಕೆಟ್ಟಿದ್ದು ಹೇಗೆ ಗೊತ್ತೇ? ಒಬ್ಬ ಒಳ್ಳೆಯ ಮನುಷ್ಯನಿಂದ. ಬೈರಮುತ್ತ ಅಂತ ಒಬ್ಬ ಮೂವತ್ತು ವರ್ಷ ಕೊತ್ವಾಲನಾಗಿದ್ದ. ಬಂಗಾರದಂಥವನು. ಹುಣ್ಣಿಮೆ ಬಂದರೆ ಪಾಪ ಒಬ್ಬನೇ ಕಲ್ಲಿನ ಮೇಲೆ ಕೂತಿರುತ್ತಿದ್ದ, ಕೇಳುವವರೇ ಇಲ್ಲ. "ಅಂಥವರನ್ನ ಏನಂತ ಕೇಳೋದು, ಮರ್ಯಾದೆ ಅಲ್ಲ" ಅಂದುಕೊಂಡರು ಜನ. ಮೆಲ್ಲಗೆ ಕೇಳುವ ಪದ್ಧತಿಯೇ ನಿಂತುಹೋಯಿತು. ಕೇಳುಗಲ್ಲು ಅಗಲವಾಗಿತ್ತು, ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಹೆಂಗಸರು ಅದರ ಮೇಲೆ ಹಪ್ಪಳ ಒಣಗಿಸತೊಡಗಿದರು.

ಬೈರಮುತ್ತ ತೀರಿಕೊಂಡ ಮೇಲೆ ಊರು ಆರಿಸಿದ್ದು ಜಗಜಟ್ಟಪ್ಪನನ್ನು. ಯಾಕೆ ಅಂದರೆ ಅವನ ಮೀಸೆ. ಮೀಸೆ ಅಂದರೆ ಅದು ಮೀಸೆ, ಎರಡೂ ತುದಿಗೆ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದಿತ್ತು. "ಈ ಮೀಸೆ ನೋಡಿದ್ರೇ ಕಳ್ಳರು ಊರು ಬಿಡ್ತಾರೆ" ಅಂತ ಎಲ್ಲರೂ ಸಾಲಾಗಿ ನಿಂತು ಉಸಿರು ಕೊಟ್ಟರು. ನಗಬೇಡಿ. ನೀವು ಅಲ್ಲಿದ್ದಿದ್ದರೆ ನೀವೂ ಕೊಡುತ್ತಿದ್ದಿರಿ, ನಾನೂ ಕೊಡುತ್ತಿದ್ದೆ.

ಮೊದಲ ವರ್ಷ ಅವನು ನಿಜಕ್ಕೂ ಚೆನ್ನಾಗಿ ಕೆಲಸ ಮಾಡಿದ. ಎಮ್ಮೆಗಳ್ಳರನ್ನು ಹಿಡಿದ. ಕೆರೆ ಕೋಡಿ ಹರಿದ ದಿನ, ಕೊಚ್ಚಿಹೋಗುತ್ತಿದ್ದ ಪುಟ್ಟಗೌರಜ್ಜಿ ಅನ್ನೋ ಮುದುಕಿಯನ್ನು ಎದೆಮಟ್ಟ ನೀರಿಗಿಳಿದು ಹೊತ್ತು ತಂದ. ಆಮೇಲೊಂದು ದಿನ ಕೊಂಬು ಒರೆಸುತ್ತಾ ಕೂತವನು ಸುಮ್ಮನೆ ಅದರ ಅಗಲದ ಬಾಯಿಯ ಕಡೆಯಿಂದ ಊದಿಬಿಟ್ಟ. ಎದುರಿಗೆ ನಿಂತಿದ್ದ ಪೇದೆ ಪುರ್ರೆಂದು ಗೊರವಂಕ ಹಕ್ಕಿಯಾಗಿ ಹಾರಿ ತೊಲೆಯ ಮೇಲೆ ಕೂತ. ಹಳದಿ ಕೊಕ್ಕು ತೆರೆದು, "ಎಲ್ಲಾ ಚೆನ್ನಾಗೈತೆ ಬುದ್ಧಿ!" ಅಂದ. ಜಗಜಟ್ಟಪ್ಪ ಬೆವತುಹೋದ. ಒಂದು ವಾರ ಹೆದರಿಕೊಂಡೇ ಓಡಾಡಿದ. ಆ ಪೇದೆ ಎಲ್ಲಿ ಅಂತ ಊರಲ್ಲಿ ಯಾರೂ ಕೇಳಲಿಲ್ಲ. ಎಂಟನೆಯ ದಿನ ಅವನ ಹೆದರಿಕೆ ಬಿಟ್ಟುಹೋಯಿತು.

ಅಲ್ಲಿಂದ ಮುಂದೆ ಎದುರು ಮಾತಾಡಿದವರೆಲ್ಲ ಗೊರವಂಕವಾದರು. ಮನೆ ಸೂರಿನಲ್ಲಿ, ಹುಣಸೆ ಮರದಲ್ಲಿ, ಕೋಟೆ ಗೋಡೆಯ ಮೇಲೆ ಎಲ್ಲೆಲ್ಲೂ ಗೊರವಂಕಗಳು. ಎಲ್ಲವೂ ಕೂಗುವುದು ಒಂದೇ ಮಾತು: "ಎಲ್ಲಾ ಚೆನ್ನಾಗೈತೆ ಬುದ್ಧಿ!" ರಾಜ ಬೆಳಿಗ್ಗೆ ಎದ್ದು ಉಪ್ಪರಿಗೆಗೆ ಬಂದರೆ ನಾಲ್ಕು ದಿಕ್ಕಿನಿಂದಲೂ ಅದೇ ಕೇಳುತ್ತಿತ್ತು. ಅವನು ಖುಷಿಯಾಗಿ ಒಳಗೆ ಹೋಗಿ ಉಪ್ಪಿಟ್ಟು ತಿನ್ನುತ್ತಿದ್ದ.

ಆ ಊರಿನ ಕಂಚುಗಾರ ಬೀದಿಯಲ್ಲಿ ಕಲಾಯಿ ಮಾರಯ್ಯ ಅಂತೊಬ್ಬ ಇದ್ದ. ತಾಯಿಯಿಲ್ಲದ ಮಗಳು ಚೆನ್ನಾಜಿಯನ್ನು ತಾನೇ ಸಾಕಿ, ತನ್ನ ಕೆಲಸವನ್ನೇ ಕಲಿಸಿದ್ದ. ಅಪ್ಪ ತಿದಿ ಒತ್ತಿ ಬೆಂಕಿ ಊದಿದರೆ ಮಗಳು ಪಾತ್ರೆಗೆ ತವರ ಸವರುವಳು. ಮಾರಯ್ಯನಿಗೆ ಒಂದು ಕೆಟ್ಟ ಅಭ್ಯಾಸವಿತ್ತು, ಅನ್ನಿಸಿದ್ದನ್ನು ಕೇಳಿಬಿಡುವುದು. ಒಂದು ಹುಣ್ಣಿಮೆಯ ದಿನ ಚೌಕದಲ್ಲಿ ಕೊತ್ವಾಲ ಎದುರಾದಾಗ ಅವನು ಕೇಳಿಬಿಟ್ಟ: "ಬುದ್ಧಿ, ನಮ್ಮ ಬೀದಿಯಿಂದ ಆರು ಜನ ಕಾಣ್ತಿಲ್ಲ. ಎಲ್ಲಿಗೆ ಹೋದ್ರು ಅಂತ ವಿಚಾರಿಸಿದ್ರಾ?"

ಜಗಜಟ್ಟಪ್ಪ ಕೊಂಬು ತಿರುಗಿಸಿ ಊದಿದ. ಮಾರಯ್ಯ ಹಕ್ಕಿಯಾದ. ಚೌಕದ ಅಂಚಿನಲ್ಲಿ ನಿಂತು ಎಲ್ಲ ನೋಡಿದ್ದ ಮಗಳ ಹತ್ತಿರ ಸೀದಾ ಹಾರಿ ಬಂದು, ಅವಳ ಹೆಗಲ ಮೇಲೆ ಕೂತು, "ಎಲ್ಲಾ ಚೆನ್ನಾಗೈತೆ ಬುದ್ಧಿ!" ಅಂದ. ಚೆನ್ನಾಜಿ ಅವನನ್ನು ಎದೆಗೊತ್ತಿಕೊಂಡು ಅತ್ತಳು.

ಪಕ್ಕದ ಮನೆಯ ಪುಟ್ಟಗೌರಜ್ಜಿ ಬಂದು ಅವಳ ತಲೆ ಸವರಿದಳು. "ನಮ್ಮ ಯಜಮಾನ್ರೂ ಹಿಂಗೇ ಆಗಿದ್ರು ಮಗಾ. ಮೂವತ್ತು ದಿನ ನನ್ನ ಕೈಯಲ್ಲೇ ಕಾಳು ತಿಂದ್ರು. ಮೂವತ್ತನೇ ದಿನದ ಮಧ್ಯಾಹ್ನ ನನ್ನ ಗುರುತೇ ಸಿಗ್ಲಿಲ್ಲ, ಕಾಡಿಗೆ ಹಾರೋದ್ರು. ನಿಮ್ಮಪ್ಪಂಗೂ ಅಷ್ಟೇ ದಿನ ಇರೋದು. ಅಷ್ಟರಲ್ಲಿ ಏನಾದ್ರೂ ಮಾಡಂಗಿದ್ರೆ ಮಾಡು ತಾಯಿ."

ಚೆನ್ನಾಜಿ ಕಣ್ಣೊರೆಸಿಕೊಂಡಳು. ಕಲಾಯಿ ಚೀಲ ಬೆನ್ನಿಗೆ, ಅಪ್ಪ ಹೆಗಲಿಗೆ. ಸೀದಾ ಅರಮನೆಗೆ ಹೋದಳು.

"ಎಲ್ಲಾ ಚೆನ್ನಾಗೈತೆ ಬುದ್ಧಿ!" ಅಂತು ಹಕ್ಕಿ, ರಾಜನನ್ನು ನೋಡಿದ ಕೂಡಲೇ.

"ಕೇಳಿದ್ಯಾ?" ಅಂತ ರಾಜ ನಕ್ಕ. "ಚೆನ್ನಾಗೈತಂತೆ."

"ಮಹಾಸ್ವಾಮಿ, ಇದು ನಮ್ಮಪ್ಪ," ಅಂದಳು ಚೆನ್ನಾಜಿ. ನಡೆದಿದ್ದೆಲ್ಲ ಹೇಳಿದಳು. ರಾಜನ ನಗು ನಿಂತಿತು. ಅವನು ಕೆಟ್ಟವನಲ್ಲ, ಕಿವಿಯೊಂದನ್ನೇ ನಂಬಿದವನು.

"ಅವನನ್ನ ತೆಗೆದುಹಾಕಿ ಸ್ವಾಮಿ."

ರಾಜ ತಲೆ ಅಲ್ಲಾಡಿಸಿದ. "ತೆಗೆಯೋ ಆಸೆ ನನಗೂ ಐತವ್ವ. ಆದ್ರೆ ಅವನಿಗೆ ಕೊಂಬು ಕೊಟ್ಟೋನು ನಾನಲ್ಲ. ನಾನು ಕೊಡದೆ ಇರೋದನ್ನ ಇವತ್ತು ಕೆಟ್ಟೋನ ಕೈಯಿಂದ ಕಿತ್ಕೊಂಡ್ರೆ, ನಾಳೆ ಒಳ್ಳೆಯೋನ ಕೈಯಿಂದಲೂ ಕಿತ್ಕೊಳ್ಳೋದು ಕಲಿತುಬಿಡ್ತೀನಿ. ಕೊಟ್ಟೋರೇ ತಗೋಬೇಕು. ತಗೊಳ್ಳೋದು ಹೆಂಗೆ ಅಂತ ಈ ಪದ್ಧತಿ ಹಾಕಿದ ರಾಣಿಯಮ್ಮ ತಾಮ್ರದ ಹಲಗೆ ಮೇಲೆ ಬರೆಸಿಟ್ಟವ್ರೆ. ಅದು ಮೂರು ಬಾಗಿಲ ಬೆಟ್ಟದಲ್ಲೈತೆ. ಹೋಗಿ ತರ್ತೀಯಾ?"

"ತರ್ತೀನಿ" ಅಂದಳು ಚೆನ್ನಾಜಿ.

ಹದಿಮೂರು ದಿನ ನಡೆದು ಅವಳು ಬೆಟ್ಟ ಸೇರಿದಳು. ಮೊದಲ ಬಾಗಿಲಿಗೆ ಒಂದು ಕರಡಿ ಕಾವಲು. ಬಿಳಿ ಕರಡಿ, ಮೂಗಿನ ಮೇಲೆ ಕನ್ನಡಕ ಹಾಕಿಕೊಂಡು ಜೇನು ನೆಕ್ಕುತ್ತಿತ್ತು.

"ಕೊತ್ವಾಲನ ತಪ್ಪು ಏನು ಹೇಳು," ಅಂತು ಕರಡಿ. "ಒಂದು ಕಾಳು ಕೂಡಿಸಬೇಡ, ಒಂದು ಕಾಳು ಕಳೀಬೇಡ."

ಚೆನ್ನಾಜಿಗೆ ಎಷ್ಟು ದಿನದ ಸಿಟ್ಟು! "ಅವನು ರಾಕ್ಷಸ! ಊರನ್ನೇ ನುಂಗಿದ! ಮಕ್ಕಳು ಮರೀನೆಲ್ಲ ತಿಂದ!"

ಬಾಗಿಲು ಗುಡುಗುಡು ಅಂತ ಒಂದು ಗೇಣು ದಪ್ಪವಾಯಿತು. "ತಿಂದ್ನಾ?" ಅಂತ ಕರಡಿ ಕನ್ನಡಕದ ಮೇಲಿಂದ ನೋಡಿತು. "ಯಾರ ಮಗು? ಹೆಸರೇನು?"

"ಎಲ್ಲಾ ಚೆನ್ನಾಗೈತೆ ಬುದ್ಧಿ!" ಅಂತು ಹಕ್ಕಿ.

"ನೀನು ಸುಮ್ನಿರಪ್ಪ," ಅಂದಳು ಚೆನ್ನಾಜಿ. ಕರಡಿಯ ಕಡೆ ತಿರುಗಿದಳು. "ತಿಂದಿಲ್ಲ. ಕೇಳಿದೋರನ್ನ ಕೊಂಬು ತಿರುಗಿಸಿ ಊದಿ ಹಕ್ಕಿ ಮಾಡಿದ. ನಮ್ಮ ಬೀದೀಲಿ ಏಳು ಜನ. ಅದರಲ್ಲಿ ನಮ್ಮಪ್ಪ ಒಬ್ಬ. ಊರಲ್ಲಿ ಒಟ್ಟು ಎಷ್ಟು ಜನ ಅಂತ ನಂಗೊತ್ತಿಲ್ಲ."

"ಗೊತ್ತಿಲ್ಲ ಅಂದ್ಯಲ್ಲ, ಅದು ಮಾತು" ಅಂತ ಕರಡಿ ಬಾಗಿಲು ತೆಗೆದು, ಬೆರಳಿನಷ್ಟು ಜೇನನ್ನೂ ಕೊಟ್ಟಿತು.

ಎರಡನೆಯ ಬಾಗಿಲಿಗೆ ಗಂಡಭೇರುಂಡ ಕಾವಲು. ಒಂದು ಮೈ, ಎರಡು ತಲೆ. ಎಡದ ತಲೆ, "ನಿನ್ನ ಮಾತು ಕೇಳಿದ್ದಾಯ್ತು, ಒಳಗೆ ಹೋಗು" ಅಂತು. ಬಲದ ತಲೆ, "ನಿಲ್ಲು!" ಅಂತು. "ನಾನಿನ್ನೂ ಏನೂ ಕೇಳಿಲ್ಲ. ಆ ಕೊತ್ವಾಲನ ಪರವಾಗಿ ಮಾತಾಡೋರು ಯಾರು?"

"ಅವನು ಇಲ್ಲಿಗೆ ಬಂದಿಲ್ವಲ್ಲ."

"ಹಂಗಾದ್ರೆ ನೀನೇ ಮಾತಾಡು."

ಚೆನ್ನಾಜಿ ಒಂದು ಹೆಜ್ಜೆ ಹಿಂದೆ ಸರಿದಳು. ಅಪ್ಪನನ್ನು ಹಕ್ಕಿ ಮಾಡಿದವನ ಪರವಾಗಿ ಮಾತಾಡುವುದೇ? ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ಹೆಗಲ ಮೇಲಿನ ಹಕ್ಕಿಯ ಎದೆಬಡಿತ ಕಿವಿಗೆ ತಾಗುತ್ತಿತ್ತು. ಕೊನೆಗೆ ಮೆಲ್ಲಗೆ ಹೇಳಿದಳು: "ಎಮ್ಮೆಗಳ್ಳರನ್ನ ಹಿಡಿದ. ಪುಟ್ಟಗೌರಜ್ಜಿ ಕೊಚ್ಕೊಂಡು ಹೋಗೋವಾಗ ಯಾರೂ ನೀರಿಗೆ ಇಳೀಲಿಲ್ಲ. ಅವನೊಬ್ಬನೇ ಇಳಿದ. ಆವತ್ತು ನಾನೂ ಚಪ್ಪಾಳೆ ಹೊಡ್ದಿದ್ದೆ."

"ಇಷ್ಟು ಹೇಳೋಕೆ ಆಗ್ದೆ ಇದ್ದಿದ್ರೆ, ಕೊಂಬು ನಿನ್ನ ಕೈಗೆ ಬಂದಾಗ ನೀನೂ ಅವನೇ ಆಗ್ತಿದ್ದೆ" ಅಂತ ಬಲದ ತಲೆ ರೆಕ್ಕೆ ಮಡಿಸಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಿಗೆ ಕಾವಲೇ ಇರಲಿಲ್ಲ. ಹಸಿರು ಕಿಲುಬು ಹಿಡಿದ ಒಂದು ದೊಡ್ಡ ತಾಮ್ರದ ಬಾಗಿಲು, ಅಷ್ಟೇ. ಬಡಿದಳು, ನೂಕಿದಳು, ಅದು ಜಗ್ಗಲಿಲ್ಲ. ಕಿಲುಬು ಹಿಡಿದ ತಾಮ್ರ ನೋಡಿದರೆ ಕಲಾಯಿಯವಳಿಗೆ ಕೈ ಸುಮ್ಮನಿರುತ್ತದೆಯೇ? ಹುಣಸೆಹಣ್ಣು ಹಾಕಿ ತಿಕ್ಕಿದಳು. ಕೆಂಡ ಮಾಡಿ ತಿದಿ ಒತ್ತಿ ಬಾಗಿಲು ಕಾಯಿಸಿದಳು. ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಅರಳೆಯಿಂದ ಸವರಿದಳು. ಬಾಗಿಲು ಬೆಳ್ಳಿಯಂತೆ ಬೆಳಗಿತು. ಅದರಲ್ಲಿ ಅವಳ ಮುಖವೇ ಕಂಡಿತು. ಆ ಮುಖ ಅವಳನ್ನು ಕೇಳಿತು: "ಅವನಿಗೆ ಕೊಂಬು ಕೊಟ್ಟೋರು ಯಾರು?"

"ಊರೋರು" ಅಂದಳು ಚೆನ್ನಾಜಿ. ಬಾಗಿಲು ತೆರೆಯಲಿಲ್ಲ.

"ನಮ್ಮ ಬೀದಿಯೋರು." ಆಗಲೂ ಇಲ್ಲ.

ಚೆನ್ನಾಜಿ ತಲೆ ತಗ್ಗಿಸಿದಳು. ತಗ್ಗಿಸಿದರೆ ಬಾಗಿಲಿನ ಮುಖವೂ ತಗ್ಗಿತು. "ನಾನು," ಅಂದಳು. "ಮೀಸೆ ನೋಡಿ ಕೊಟ್ಟೆ. ಕೊಟ್ಟ ಮೇಲೆ ಒಂದು ಹುಣ್ಣಿಮೇಲೂ ಹೋಗಿ ಏನೂ ಕೇಳ್ಲಿಲ್ಲ. ಕೇಳುಗಲ್ಲಿನ ಮೇಲೆ ಹಪ್ಪಳ ಒಣಗಿಸ್ದೆ."

ಬಾಗಿಲು ತೆರೆಯಿತು. ಒಳಗಿದ್ದ ತಾಮ್ರದ ಹಲಗೆಯಲ್ಲಿ ಹೀಗೆ ಬರೆದಿತ್ತು: ಉಸಿರು ಕೊಟ್ಟವರು ಹಾಡಹಗಲಲ್ಲಿ, ಚೌಕದಲ್ಲಿ, ಕೊತ್ವಾಲನ ಮುಖ ನೋಡಿ, ತಮ್ಮ ಬಾಯಿಂದ ತಾವೇ ವಾಪಸ್ಸು ಕೇಳಬೇಕು. ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳುವಂತಿಲ್ಲ. ಅವನ ಮಾತನ್ನೂ ಕೇಳಿಸಿಕೊಳ್ಳಬೇಕು. ಕೊಟ್ಟವರಲ್ಲಿ ಅರ್ಧಕ್ಕಿಂತ ಒಬ್ಬರು ಹೆಚ್ಚು ಕೇಳಿದರೆ ಕೊಂಬು ಖಾಲಿಯಾಗುತ್ತದೆ, ಅದರಿಂದ ಆದದ್ದೆಲ್ಲ ಅಳಿಯುತ್ತದೆ.

ಹಲಗೆಯನ್ನು ಚೀಲಕ್ಕೆ ಹಾಕಿಕೊಂಡು ಅವಳು ಊರಿಗೆ ವಾಪಸ್ಸು ಬರುವಷ್ಟರಲ್ಲಿ ಮೂವತ್ತು ದಿನದಲ್ಲಿ ಉಳಿದಿದ್ದು ಎರಡೇ ದಿನ. ಹಕ್ಕಿ ಈಗ ಹೆಗಲ ಮೇಲೆ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಹಾರಿಹೋಗಿ ಮಿಡತೆ ಹಿಡಿದು ತಿನ್ನುತ್ತಿತ್ತು. "ಅಪ್ಪಾ" ಅಂದರೆ ಕತ್ತು ಓರೆ ಮಾಡಿ ಯಾರೋ ಎನ್ನುವಂತೆ ನೋಡುತ್ತಿತ್ತು. 

ಚೆನ್ನಾಜಿ ಅಳುತ್ತಾ ಕೂರಲಿಲ್ಲ. "ಕಲಾಯೀ... ಪಾತ್ರೆಗೆ ಕಲಾಯೀ..." ಅಂತ ಕೂಗುತ್ತಾ ಊರಿನ ಹನ್ನೆರಡು ಬೀದಿಯನ್ನೂ ಸುತ್ತಿದಳು. ಕಲಾಯಿಯವಳನ್ನು ಯಾವ ಪೇದೆ ತಡೆಯುತ್ತಾನೆ? ಪಾತ್ರೆ ಕಾಯುವಷ್ಟು ಹೊತ್ತಿನಲ್ಲಿ ಹಲಗೆಯ ಮಾತು ಹೇಳಿ ಮುಗಿಸುತ್ತಿದ್ದಳು.

"ನ್ಯಾಯವಾದ ಮಾತು ಕಣಮ್ಮ" ಅಂದ ಎಣ್ಣೆ ಗಾಣದವನು. "ನೀನು ಮೊದ್ಲು ಕೇಳು, ನಿನ್ನ ಹಿಂದೇನೇ ನಾನು."

"ನಂದೂ ಅದೇ ಮಾತು" ಅಂದಳು ಹೂವಿನವಳು. "ನಾನು ಎರಡನೆಯೋಳು."

ಸಂಜೆಯ ಹೊತ್ತಿಗೆ ನೋಡಿದರೆ ಊರಲ್ಲಿ ಎಲ್ಲರೂ ಎರಡನೆಯವರೇ. ಚೆನ್ನಾಜಿಗೆ ನಗು ಬಂತು. "ಮೊದಲನೆಯೋಳು ಒಬ್ಬಳು ಬೇಕು ತಾನೇ, ನಾನಿದ್ದೀನಿ" ಅಂದಳು.

ಮಾರನೆಯ ದಿನ ಹುಣ್ಣಿಮೆ. ಬೆಳಿಗ್ಗೆ ಹೆಂಗಸರು ಹಪ್ಪಳ ತೆಗೆದು, ಕೇಳುಗಲ್ಲು ತೊಳೆದು, ಸುತ್ತ ರಂಗೋಲಿ ಹಾಕಿದರು. ಜಗಜಟ್ಟಪ್ಪ ಬಂದು ನೋಡಿದ. ಚೌಕದ ತುಂಬ ಜನ, ನಡುವೆ ರಂಗೋಲಿ, ಅದರೊಳಗೊಂದು ಪೀಠ. ಸನ್ಮಾನ ಅಂದುಕೊಂಡ. ಮೀಸೆ ತಿರುವುತ್ತಾ ಹೋಗಿ ಕಲ್ಲಿನ ಮೇಲೆ ಕೂತೇಬಿಟ್ಟ. ಹಾರ ಎಲ್ಲಿ ಅಂತ ಸುತ್ತ ನೋಡಿದ.

ಚೆನ್ನಾಜಿ ಮುಂದೆ ಬಂದಳು. ಕಲ್ಲಿನ ಎದುರಿಗೇ ನಿಂತು ಅವನ ಮುಖ ನೋಡಿದಳು. "ಜಗಜಟ್ಟಪ್ಪನೋರೇ, ನೀವು ಪುಟ್ಟಗೌರಜ್ಜೀನ ನೀರಿಂದ ಎತ್ಕೊಂಡು ಬಂದ್ರಿ. ಅದನ್ನ ಮರೆತಿಲ್ಲ. ನೀವು ನಮ್ಮಪ್ಪನ್ನ ಹಕ್ಕಿ ಮಾಡಿದ್ರಿ. ಅದನ್ನೂ ಮರೆತಿಲ್ಲ. ನಿಮಗೆ ಉಸಿರು ಕೊಟ್ಟೋಳು ನಾನು. ವಾಪಸ್ಸು ಕೊಡಿ."

ಕೊಂಬಿನಿಂದ ಒಂದು ಉಸಿರು ಹೊರಬಿದ್ದು, ಅವಳ ಮುಂಗುರುಳು ಹಾರಿಸಿ, ಅವಳೊಳಗೆ ಸೇರಿತು. ಜಗಜಟ್ಟಪ್ಪ ಬೆಚ್ಚಿ ಏಳಲು ಹೋದ. ಕಲ್ಲು ಬಿಡಲಿಲ್ಲ. ಸಿಟ್ಟಿನಿಂದ ಕೊಂಬು ತಿರುಗಿಸಿ ಅವಳ ಕಡೆಗೆ ಊದಿದ. ಒಂದು ಉಸಿರು ಕಡಿಮೆಯಾಗಿದ್ದ ಕೊಂಬಿಗೆ ಮೊದಲಿನ ಬಲವಿರಲಿಲ್ಲ, ಚೆನ್ನಾಜಿಯ ಬೆರಳಿನಿಂದ ಮೆಲ್ಲಗೆ ಗರಿ ಮೂಡಿತು. ಮಣಿಕಟ್ಟಿಗೆ ಬಂತು, ಮೊಣಕೈಗೆ ಬಂತು.  ಎರಡನೆಯವರೆಲ್ಲ ನೆಲ ನೋಡುತ್ತಿದ್ದರು.

ಆಗ ಪುಟ್ಟಗೌರಜ್ಜಿ ಕೋಲೂರಿಕೊಂಡು ಬಂದಳು. "ನನ್ನ ಜೀವ ಉಳಿಸಿದೋನು ನೀನು ಕಣಪ್ಪ. ಅದಕ್ಕೇ ಇಷ್ಟು ದಿನ ಬಾಯಿ ಕಟ್ಟಿತ್ತು. ಆದ್ರೆ ನಮ್ಮ ಯಜಮಾನ್ರನ್ನ ನೀನು ಕಾಡುಪಾಲು ಮಾಡ್ದೆ. ನನ್ನ ಉಸಿರು ನಂಗೆ ಕೊಡು."

ಗರಿ ಮೊಣಕೈಯಲ್ಲೇ ನಿಂತಿತು. ಅಷ್ಟೇ ಸಾಕಾಯಿತು. "ನಂದು ಕೊಡಿ!" ಅಂದ ಗಾಣದವನು. "ನಂದೂ!" ಅಂದಳು ಹೂವಿನವಳು. ಜಗಜಟ್ಟಪ್ಪ ಒಬ್ಬರ ಕಡೆ ಊದುವಷ್ಟರಲ್ಲಿ ಹತ್ತು ಜನ ಕೇಳುತ್ತಿದ್ದರು. ಕೊಂಬಿನಿಂದ ಗಾಳಿ ಬೀಸಿ ಬೀಸಿ ಅವನ ಮೀಸೆಯೇ ಜೋತುಬಿತ್ತು.

"ನಂಗೂ ಮಾತಾಡೋಕೆ ಬಿಡಿ!" ಅಂತ ಅವನು ಕೂಗಿದ.

"ಬಿಡ್ರಪ್ಪ, ಹಲಗೇಲಿ ಬರೆದೈತೆ" ಅಂದಳು ಚೆನ್ನಾಜಿ. ಚೌಕ ಸುಮ್ಮನಾಯಿತು.

ಜಗಜಟ್ಟಪ್ಪ ಕೊಂಬನ್ನು ತೊಡೆಯ ಮೇಲೆ ಇಳಿಸಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: "ಮೊದಲನೆಯೋನು, ಆ ಪೇದೆ, ಕೈತಪ್ಪಿ ಹಕ್ಕಿ ಆಗಿದ್ದು. ಯಾರಾದ್ರೂ ಕೇಳ್ತಾರೆ ಅಂತ ಒಂದು ವಾರ ನಿದ್ದೆ ಬರ್ಲಿಲ್ಲ. ಯಾರೂ ಕೇಳ್ಲಿಲ್ಲ. ಆಮೇಲೆ ಮಾಡಿದ್ದೆಲ್ಲ ಬೇಕೂಂತ್ಲೇ ಮಾಡ್ದೆ. ತಪ್ಪಾಯ್ತು."

ಅವನ ಮಾತು ಸುಳ್ಳಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹಲವರ ಕಣ್ಣು ತೇವವಾಯಿತು. ಹಾಗಂತ ಯಾರೂ ಕೇಳುವುದನ್ನು ನಿಲ್ಲಿಸಲಿಲ್ಲ. ಉಳಿದವರು ಒಬ್ಬೊಬ್ಬರಾಗಿ, ಗಲಾಟೆಯಿಲ್ಲದೆ, ಅವನ ಮುಖ ನೋಡಿ ತಮ್ಮ ತಮ್ಮ ಉಸಿರು ಕೇಳಿಕೊಂಡರು. ಅರ್ಧ ದಾಟಿ ಒಬ್ಬರಾಗುತ್ತಿದ್ದಂತೆ ಕೊಂಬು ಟಣ್ ಅಂತ ಕೆಳಗೆ ಬಿತ್ತು. ಈಗ ಅದು ಬರೀ ಹಿತ್ತಾಳೆ.

ಆಮೇಲೆ ನಡೆದಿದ್ದನ್ನು ನೋಡಬೇಕಿತ್ತು! ಹುಣಸೆ ಮರದ ಕೊಂಬೆಗಳಿಂದ ಧೊಪ್ ಧೊಪ್ ಅಂತ ಜನ ಉದುರಿದರು. ಸೂರಿನ ಮೇಲಿದ್ದವರು ಹೆಂಚು ಮುರಿದು ಅಡುಗೆಮನೆಗೇ ಇಳಿದರು. ಕೋಟೆ ಗೋಡೆಯ ಮೇಲಿದ್ದ ಇಪ್ಪತ್ತು ಜನ ಏಣಿ ತನ್ನಿ ಅಂತ ಬೊಬ್ಬೆ ಹೊಡೆದರು. ಕಾಡಿನ ಕಡೆಯಿಂದ ಪುಟ್ಟಗೌರಜ್ಜಿಯ ಗಂಡ ತಲೆಗೂದಲಲ್ಲಿ ಗರಿ ಸಿಕ್ಕಿಸಿಕೊಂಡು ನಡೆದು ಬಂದ. ಮೂವತ್ತು ದಿನ ದಾಟಿದ್ದವನಿಗೆ ಏನೂ ನೆನಪಿರಲಿಲ್ಲ. "ನೀನು ಯಾರವ್ವ?" ಅಂದ.

"ನಿನ್ನ ಹೆಂಡ್ತಿ," ಅಂದಳು ಅಜ್ಜಿ, ಅಳುತ್ತಾ ನಗುತ್ತಾ. "ಮೊದ್ಲು ಸ್ನಾನ ಮಾಡು. ಮಿಕ್ಕಿದ್ದೆಲ್ಲ ದಿನಾ ಒಂದೊಂದು ಹೇಳ್ತೀನಿ."

ಚೆನ್ನಾಜಿಯ ಕೈಯ ಗರಿಗಳು ಉದುರಿದ್ದವು. ಅವಳ ಎದುರಿಗೆ ಮಾರಯ್ಯ ನಿಂತಿದ್ದ. ಅವನು ಬಾಯಿ ತೆರೆದ. "ಎಲ್ಲಾ ಚೆನ್ನಾ..." ಅಂದು ನಿಲ್ಲಿಸಿದ. ಮಗಳ ಉಸಿರೇ ನಿಂತುಹೋಯಿತು. ಅವನು ಗಂಟಲು ಸರಿಮಾಡಿಕೊಂಡ. "ಏನೂ ಚೆನ್ನಾಗಿರ್ಲಿಲ್ಲ ಕಣೇ ಚೆನ್ನಾಜಿ. ಆ ಮಿಡತೆ ಅಂತೂ ಬಲು ಕಹಿ!" ಅವಳು ಅಪ್ಪನನ್ನು ತಬ್ಬಿಕೊಂಡು ಚೌಕವೆಲ್ಲ ಕೇಳುವ ಹಾಗೆ ಅತ್ತಳು.

ಜಗಜಟ್ಟಪ್ಪನಿಗೆ ಊರವರು ಏನು ಮಾಡಿದರು ಅಂತೀರಾ? ಹಕ್ಕಿಯಾಗಿದ್ದ ಒಬ್ಬೊಬ್ಬರ ಮನೆಗೂ ಹೋಗಿ, ಮುರಿದ ಹೆಂಚು ಹೊದಿಸಿ, ಕೈಮುಗಿದು ಬರಬೇಕು ಅಂತ ಹೇಳಿದರು. ಅದು ಮುಗಿಯಲು ಅವನಿಗೆ ಎರಡು ಮಳೆಗಾಲ ಹಿಡಿಯಿತು. ಅಷ್ಟರಲ್ಲಿ ಅವನು ಹೆಂಚು ಹೊದಿಸುವುದರಲ್ಲಿ ಎಂಥ ಗಟ್ಟಿಗನಾದ ಅಂದರೆ ಅರಮನೆಯಿಂದಲೂ ಕರೆ ಬಂತು.

ಹೊಸ ಕೊತ್ವಾಲನನ್ನು ಆರಿಸುವ ದಿನ ಊರವರು ಯಾರ ಮೀಸೆಯನ್ನೂ ನೋಡಲಿಲ್ಲ. ಕೊಂಬು ಚೆನ್ನಾಜಿಯ ಕಡೆಗೆ ತಿರುಗಿತು. ಅವಳು ಹಿತ್ತಾಳೆಯನ್ನು ಫಳಫಳ ಹೊಳೆಯುವ ಹಾಗೆ ತಿಕ್ಕಿ ಹೆಗಲಿಗೆ ಹಾಕಿಕೊಂಡಳು. ಒಂದು ತಿಂಗಳು ಹಗಲೆಲ್ಲ ಓಡಾಡಿ ಬೀದಿ ಕಾದಳು. ಹುಣ್ಣಿಮೆ ಬಂತು. ಚೆನ್ನಾಜಿ ಹೋಗಿ ಕೇಳುಗಲ್ಲಿನ ಮೇಲೆ ಕೂತಳು. ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದೇನೆ, ಯಾರು ಏನು ಕೇಳುತ್ತಾರೆ ಅಂದುಕೊಂಡಳು.

ಸಾಲಿನಲ್ಲಿ ಮೊದಲನೆಯವನಾಗಿ ನಿಂತಿದ್ದವನು ಕಲಾಯಿ ಮಾರಯ್ಯ. ಮಡಿಸಿದ ಪಂಚೆ ಇಳಿಬಿಟ್ಟು, ಕೈ ಮುಗಿದು, ಊರಿಗೆಲ್ಲ ಕೇಳುವಂತೆ ಶುರುಮಾಡಿದ: "ಕೊತ್ವಾಲಮ್ಮನೋರೇ, ಹನ್ನೊಂದು ಬೀದಿಗೂ ಗಸ್ತು ಬಂತು. ನಮ್ಮ ಕಂಚುಗಾರ ಬೀದಿಗೆ ಮಾತ್ರ ತಿಂಗಳಲ್ಲಿ ಎರಡೇ ಸಲ. ಮನೆಯೋರ ಬೀದಿ, ಅವರೇನು ಕೇಳ್ತಾರೆ ಅಂತ ಅಸಡ್ಡೆ ಮಾಡಿದ್ರಾ?"

ಚೌಕವೆಲ್ಲ ಗೊಳ್ಳೆಂದು ನಕ್ಕಿತು. ಚೆನ್ನಾಜಿಯ ಮುಖ ಕೆಂಪಾಯಿತು, ಯಾಕೆಂದರೆ ಅವನು ಹೇಳಿದ್ದು ನಿಜ. ಆದರೆ ಅಪ್ಪನ ಆ ದನಿ ಕೇಳಿ ಅವಳ ಕಣ್ಣು ತುಂಬಿ ಬಂತು. ಈ ದನಿಗಾಗಿಯೇ ಅಲ್ಲವೇ ಅವಳು ಬೆಟ್ಟ ಹತ್ತಿದ್ದು? ಕಲ್ಲಿನ ಮೇಲಿಂದಲೇ ಕೈ ಮುಗಿದು, "ಹೌದಪ್ಪಾ, ನಂದೇ ತಪ್ಪು. ನಾಳೆಯಿಂದ ಬರ್ತೀನಿ" ಅಂದಳು. ಕಲ್ಲು ಅವಳನ್ನು ಬಿಟ್ಟಿತು.

"ಏಳಬೇಡಿ, ಏಳಬೇಡಿ," ಅಂದಳು ಹಿಂದೆ ನಿಂತಿದ್ದ ಹೂವಿನವಳು. "ನಾನು ಎರಡನೆಯೋಳು."

ಅವಳ ಹಿಂದೆ ಸಾಲು ಕೋಟೆಯ ಬಾಗಿಲಿನವರೆಗೂ ಇತ್ತು. ಸಂಪಿಗೆದುರ್ಗದಲ್ಲಿ ಆವತ್ತಿನಿಂದ ಹಪ್ಪಳವನ್ನು ಅವರವರ ಮನೆ ಮಾಳಿಗೆಯ ಮೇಲೆ ಒಣಗಿಸಿಕೊಂಡು, ತಿಂಗಳು ತಿಂಗಳು ಕೇಳಿಕೊಂಡು, ಕೇಳಿಸಿಕೊಂಡು, ಎಲ್ಲರೂ ನಗುನಗುತ್ತಾ ಬಹುಕಾಲ ಬಾಳಿದರು.